ಸಣ್ಣ ಆಸ್ತಿಯ ಅವಮಾನ

ಹೆಜಮಾಡಿಯಲ್ಲಿ ಗೋಲಿ ಸೋಡಾ ಮಾಡುತ್ತಿದ್ದ ತ್ಯಾಂಪ ಮಾವ ತೀರಿಕೊಂಡ ಸುದ್ದಿ ಸೌದಿಯ ಜುಬೈಲಿಗೆ ಬಂದಾಗ ನೋಣಯನಿಗೆ ದುಃಖವಾದದ್ದು ನಿಜ. ಆದರೆ ಅದೇ ವಾರ ಅಣ್ಣುವಿನ ಸೋದರಮಾವನೂ ತೀರಿಕೊಂಡದ್ದರಿಂದ ಆ ದುಃಖಕ್ಕೆ ಕಂಪನಿಯ ಕ್ಯಾಂಪಿನಲ್ಲಿ ಸಿಗಬೇಕಾದ ಮರ್ಯಾದೆ ಪೂರ್ತಿ ಸಿಗಲಿಲ್ಲ. ಸಮಾಧಾನ ಹೇಳಲು ಹೊರಟವರು ಮೊದಲು ಅಣ್ಣುವಿನ ರೂಮಿಗೆ ಹೋಗಿ, ಚಹಾ ಕುಡಿದು, ಹೇಳಬೇಕಾದದ್ದನ್ನೆಲ್ಲ ಅಲ್ಲೇ ಹೇಳಿ ಮುಗಿಸಿ, ನೋಣಯನ ಬಾಗಿಲಿಗೆ ಬರುವಾಗ ಬರಿಗೈಯಾಗಿರುತ್ತಿದ್ದರು. "ಹೌದಲ್ಲ, ನಿಮ್ಮಲ್ಲಿಯೂ ಒಬ್ಬರು ಹೋದರಂತೆ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದರು.

ಇಬ್ಬರೂ ಒಂದೇ ಊರಿನವರು. ಒಂದೇ ಕಂಪನಿ, ಒಂದೇ ಬಸ್ಸು. ಅಣ್ಣು ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವವನು. ನೋಣಯ ಸ್ಟೋರಿನಲ್ಲಿ ಸ್ಪ್ಯಾನರ್ ಕೊಟ್ಟು ಸ್ಪ್ಯಾನರ್ ತೆಗೆದುಕೊಳ್ಳುವವನು. ಅಣ್ಣು ಬೆರಳೆತ್ತಿದರೆ ಕಬ್ಬಿಣದ ತೊಲೆ ಆಕಾಶಕ್ಕೆ ಏಳುತ್ತದೆ. ನೋಣಯ ಬೆರಳೆತ್ತಿದರೆ "ಇಲ್ಲಿ ಸೈನ್ ಮಾಡು" ಎಂದಷ್ಟೇ ಅರ್ಥ. ಈ ವ್ಯತ್ಯಾಸವನ್ನು ಸರಿದೂಗಿಸಲು ನೋಣಯ ಮಾಡದ ಪ್ರಯತ್ನವಿಲ್ಲ. ಅಣ್ಣು ಕುಕ್ಕರ್ ತಂದಾಗ ಅದಕ್ಕಿಂತ ದೊಡ್ಡ ಕುಕ್ಕರ್ ತಂದು, ಒಬ್ಬನೇ ಉಣ್ಣುವವನಾದ್ದರಿಂದ ಒಮ್ಮೆ ಬೇಯಿಸಿದ ಅನ್ನವನ್ನು ವಾರವಿಡೀ ತಿಂದಿದ್ದ. ಅಣ್ಣುವಿಗೆ ಬಿಪಿ ಉಂಟೆಂದು ಕ್ಲಿನಿಕ್ಕಿನಲ್ಲಿ ಹೇಳಿದಾಗ ತಾನೂ ಹೋಗಿ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಕ್ಕೆ ಎರಡು ದಿನ ಮಂಕಾಗಿದ್ದ.

ಈಗ ಮಾವಂದಿರ ಸರದಿ. ಇಬ್ಬರೂ ಸೋದರಳಿಯನ ಹೆಸರಿಗೆ ಉಯಿಲು ಬರೆದಿಟ್ಟು ಹೋಗಿದ್ದರು.

ಒಂದು ಸಂಜೆ ಕೆಲಸ ಮುಗಿಸಿ ಬಸ್ಸು ಕ್ಯಾಂಪಿನ ಕಡೆ ಹೊರಟಿದ್ದಾಗ ಅಣ್ಣುವಿನ ಫೋನು ಬಡಿದುಕೊಂಡಿತು. ಅವನು ಸ್ಪೀಕರ್ ಹಾಕಿದ.

"ಅಣ್ಣು, ಇದು ಸುಲಭದ್ದಲ್ಲ ಮಾರಾಯ" ಎಂದಿತು ಆ ಕಡೆಯ ಗಡಸು ಧ್ವನಿ. "ನಿನ್ನ ಮಾವ ಉಯಿಲು ಬರೆದಿಟ್ಟಿದ್ದಾರೆ ಸರಿ. ಆದರೆ ಹೆದ್ದಾರಿಗೆ ತಾಗಿಕೊಂಡ ಜಾಗ ಅಂದರೆ ಸಣ್ಣ ಮಾತಾ? ಕೋರ್ಟಿನ ಮುದ್ರೆ ಬೀಳದೆ ಆಗುವುದಿಲ್ಲ. ಪೇಪರಿನಲ್ಲಿ ನೋಟಿಸು ಬರ್ತದೆ, ನಿನ್ನ ಹೆಸರು ಹಾಕಿ."

"ಮಾಡಿ ವಕೀಲರೇ, ಏನೆಲ್ಲ ಉಂಟೋ ಮಾಡಿ" ಎಂದ ಅಣ್ಣು ದಣಿದ ಜಮೀನ್ದಾರನ ಹಾಗೆ.

ಬಸ್ಸಿನಲ್ಲಿ ನಿದ್ದೆಗೆ ಜಾರಿದ್ದವರು ನೆಟ್ಟಗೆ ಕುಳಿತರು. ಡ್ರೈವರ್ ಅಬ್ದುಲ್ ಬಾರಿ, ಬಿಹಾರದವನು, ಮಾತು ಅರ್ಥವಾಗದಿದ್ದರೂ 'ಕೋರ್ಟು' ಎಂಬ ಶಬ್ದ ಕೇಳಿ ಕನ್ನಡಿಯಲ್ಲಿ ಅಣ್ಣುವನ್ನು ನೋಡಿ ತಲೆ ಬಾಗಿಸಿದ. ಯಾರೋ ಅಣ್ಣುವಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಆ ಸೀಟಿಗೆ ಎಸಿಯ ಗಾಳಿ ನೇರ ಬೀಳುತ್ತದೆ. ನೋಣಯ ಆ ಸೀಟಿಗಾಗಿ ದಿನವೂ ಓಡಿ ಬಸ್ಸು ಹತ್ತುತ್ತಿದ್ದ.

ಮರುದಿನ ಅದೇ ಹೊತ್ತಿಗೆ ಹೆಂಡತಿ ವಾರಿಜಾಕ್ಷಿಯ ಫೋನು ಬಂದಾಗ ನೋಣಯನೂ ಸ್ಪೀಕರ್ ಹಾಕಿದ. ಅವಳು ಅಂದು ಬೆಳಿಗ್ಗೆ ವಕೀಲರ ಆಫೀಸಿಗೆ ಹೋಗಿ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು, ಹಿಂದಿನ ಸೀಟಿಗೂ ಕೇಳುವಂತೆ, "ಹೇಳು. ನಮ್ಮ ಕೇಸು ಯಾವ ಕೋರ್ಟಿಗೆ ಹೋಗ್ತದೆ?" ಎಂದ.

"ಕೋರ್ಟೂ ಇಲ್ಲ ಎಂತದೂ ಇಲ್ಲ" ಎಂದಳು ವಾರಿಜಾಕ್ಷಿ ಸಂತೋಷದಿಂದ. "ಈಗ ಕಾನೂನು ಬದಲಾಗಿದೆಯಂತೆ. ಸಣ್ಣ ಆಸ್ತಿಯಾದರೆ ಉಯಿಲಿಗೆ ಕೋರ್ಟು ಬೇಡ. ಸತ್ತವರನ್ನು ಬಲ್ಲ ಇಬ್ಬರು ಬಂದು ಸಾಕ್ಷಿ ಹೇಳಿದರೆ ಮುಗಿಯಿತು. ನಮ್ಮದು ಸಣ್ಣದು."

"ಎಂತ ಸಣ್ಣದು?"

"ನಮ್ಮ ಆಸ್ತಿ. ಸಣ್ಣದು. ಗುಮಾಸ್ತರು ನೋಡಿ ನಕ್ಕರು. ಸೋಡಾದ ಒಂದು ಮಿಷನ್, ಒಂದು ಕೋಣೆ, ಹಿಂದೆ ಒಂದು ಬಾವಿ, ಇದಕ್ಕೆ ಕೋರ್ಟು ಯಾಕಮ್ಮ ಅಂದರು."

ನೋಣಯ ಸ್ಪೀಕರ್ ಆಫ್ ಮಾಡಲು ಬೆರಳು ಒತ್ತಿದ. ಸ್ಟೋರಿನ ಗ್ರೀಸು ಮೆತ್ತಿದ ಬೆರಳು ಜಾರಿ ಧ್ವನಿ ಇನ್ನೂ ಜೋರಾಯಿತು.

"ಕೇಳ್ತಾ ಇದ್ದೀರಾ? ಸ-ಣ್ಣ ಆಸ್ತಿ. ನಮ್ಮ ಪುಣ್ಯ. ಅಂಗಡಿ ನಿಮ್ಮ ಹೆಸರಿಗೆ ಬಂದ ಕೂಡಲೇ ನೀವು ಎಕ್ಸಿಟ್ ಹಾಕಿ ಬಂದುಬಿಡಿ ಮಾರಾಯ್ರೆ. ಬೇಸಿಗೆ ಶುರುವಾಗುವ ಮೊದಲು ಸೋಡಾ ಶುರು ಮಾಡುವ."

ಅಣ್ಣು, ಕಿಟಕಿಯ ಪಕ್ಕದಿಂದ, ತುಂಬಾ ಮೃದುವಾಗಿ ಹೇಳಿದ: "ಒಳ್ಳೆಯದೇ ಆಯ್ತಲ್ಲ ನೋಣಯ. ಸಣ್ಣದಾದರೆ ತಲೆಬಿಸಿ ಇಲ್ಲ. ನಮಗೆ ಆ ಭಾಗ್ಯ ಇಲ್ಲ."

ಮನುಷ್ಯ ಬೈಗುಳವನ್ನು ತಡೆದುಕೊಂಡಾನು, ಕನಿಕರವನ್ನು ತಡೆದುಕೊಳ್ಳಲಾರ. ಅದರಲ್ಲೂ ಎಸಿಯ ಗಾಳಿ ಬೀಳುವ ಸೀಟಿನಿಂದ ಬಂದ ಕನಿಕರವನ್ನು.

ವಾರಿಜಾಕ್ಷಿ ಹೇಳಿದ ಎಕ್ಸಿಟ್ಟಿನ ಮಾತು ಸುಮ್ಮನೆ ಹೇಳಿದ್ದಲ್ಲ. ನೋಣಯನ ಕಾಂಟ್ರಾಕ್ಟು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕಂಪನಿಯ ಆಫೀಸಿನಲ್ಲಿ ಅಖಿಲೇಶ್ ಎಂಬ ಉಡುಪಿಯ ಹುಡುಗ ಎರಡು ಸಲ ಕೇಳಿದ್ದ: "ನೋಣಯಣ್ಣ, ಇನ್ನೆರಡು ವರ್ಷಕ್ಕೆ ಸೈನ್ ಮಾಡ್ತೀರಾ, ಎಕ್ಸಿಟ್ಟಾ?" ಅಂಗಡಿ ಹೆಸರಿಗೆ ಬಂದರೆ ಎಕ್ಸಿಟ್, ಬಾರದಿದ್ದರೆ ಇನ್ನೆರಡು ವರ್ಷ ಸ್ಪ್ಯಾನರು. ಮಾವ ಬಿಟ್ಟುಹೋದದ್ದು ನಿಜವಾಗಿ ನೋಡಿದರೆ ಊರಿಗೆ ಹೋಗುವ ಒಂದು ದಾರಿ. ಬುದ್ಧಿ ನೆಟ್ಟಗಿದ್ದವನು ಅಂದೇ ಸಾಕ್ಷಿಗಳನ್ನು ಹುಡುಕಲು ಹೊರಡುತ್ತಿದ್ದ.

ನೋಣಯ ಮೊಯಿದಿನಬ್ಬರ ರೂಮಿಗೆ ಹೊರಟ.

ಮೊಯಿದಿನಬ್ಬ ಕಂಪನಿಯ ಟೈಮ್‌ಕೀಪರ್, ಉಳ್ಳಾಲದವರು. ಕ್ಯಾಂಪಿನ ಅರ್ಧ ಜನರ ರಜೆಯ ಅರ್ಜಿ, ಇಕಾಮಾ ಎಂಬ ವಾಸದ ಪರವಾನಗಿಯ ದೂರು ಎಲ್ಲ ಬರೆದುಕೊಟ್ಟವರು. ಅವರು ಕಾಲು ಚಾಚಿ ಮಾವಿನ ಉಪ್ಪಿನಕಾಯಿಯ ಬಾಟಲಿಯ ಮುಚ್ಚಳದೊಂದಿಗೆ ಹೋರಾಡುತ್ತಿದ್ದರು.

"ಕಾಕ, ವಕೀಲರಿಗೆ ಆಸ್ತಿಯ ವಿವರ ಬರೆದು ಕಳಿಸಬೇಕು. ಸ್ವಲ್ಪ ದೊಡ್ಡದಾಗಿ."

"ದೊಡ್ಡ ಅಕ್ಷರದಲ್ಲಾ?"

"ಅಲ್ಲ. ಆಸ್ತಿಯೇ ದೊಡ್ಡದಾಗಿ."

ಮೊಯಿದಿನಬ್ಬ ಬಾಟಲಿ ಕೆಳಗಿಟ್ಟರು. "ಸಣ್ಣದಾದರೆ ಕೋರ್ಟು ಬೇಡ ಅಂತ ಇಡೀ ಬಸ್ಸಿಗೆ ಗೊತ್ತುಂಟು. ನಿನಗೆ ಕೋರ್ಟು ಬೇಕಾ?"

"ನನಗೆ ಕೋರ್ಟಿನ ಆಸೆ ಇಲ್ಲ ಕಾಕ. ಸತ್ತವರಿಗೆ ಅನ್ಯಾಯ ಆಗಬಾರದು. ಮಾವನ ಮಿಷನು ಸಾಧಾರಣದ್ದಲ್ಲ, ವಿದೇಶದ್ದು."

"ಯಾವ ದೇಶದ್ದು?"

"ಅದರ ಮೇಲಿನ ಅಕ್ಷರ ಅಳಿಸಿಹೋಗಿದೆ. ಊರಿನದ್ದಾದರೆ ಅಳಿಸುತ್ತಿರಲಿಲ್ಲ."

ಹೀಗೆ ಶುರುವಾಯಿತು. ಬಾವಿ 'ಬೇಸಿಗೆಯಲ್ಲೂ ಬತ್ತದ ಜಲಮೂಲ'ವಾಯಿತು. ಕೋಣೆಯ ಹಿಂದೆ ಬಾಟಲಿ ತೊಳೆಯುವ ಕಲ್ಲು 'ಪ್ರತ್ಯೇಕ ಶುಚೀಕರಣ ಘಟಕ'ವಾಯಿತು. ಅಂಗಳದಲ್ಲಿದ್ದ ಹಲಸಿನ ಮರಕ್ಕೆ ಪಕ್ಕದವನ ಬೇರು, ನಮ್ಮ ಕೊಂಬೆ ಎಂಬ ತಕರಾರು ಇತ್ತು. ನೋಣಯ ಬೇರನ್ನೂ ಸೇರಿಸಿದ. ಕೊನೆಗೆ, ಹೆಜಮಾಡಿಯಲ್ಲಿ ತ್ಯಾಂಪಣ್ಣನ ಸೋಡಾ ಕುಡಿದು ತೇಗದವರಿಲ್ಲ, ಆ ಹೆಸರಿಗೂ ಒಂದು ಬೆಲೆ ಹಾಕಬೇಕೆಂದ.

"ತೇಗಿಗೆ ಬೆಲೆ ಹಾಕಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು" ಎಂದರು ಮೊಯಿದಿನಬ್ಬ. ಆದರೂ ಬರೆದರು. ಬರೆದದ್ದಕ್ಕೆ ಪ್ರತಿಯಾಗಿ ನೋಣಯ ಉಪ್ಪಿನಕಾಯಿಯ ಮುಚ್ಚಳ ತೆಗೆದುಕೊಟ್ಟ.

ವಕೀಲರ ಗುಮಾಸ್ತನ ಉತ್ತರ ಬೇಗನೆ ಬಂತು. ಇಷ್ಟೆಲ್ಲ ಇದ್ದರೆ ಇದು ಸಣ್ಣ ಆಸ್ತಿಯ ಲೆಕ್ಕಕ್ಕೆ ಬರುವುದಿಲ್ಲ, ಕೋರ್ಟಿಗೇ ಹೋಗಬೇಕು, ಕಾಗದಪತ್ರ ತಯಾರಿಸುತ್ತೇನೆ, ನೀವು ಸಹಿ ಮಾಡಿ ಕಳಿಸಿ, ಸಮಯ ಹಿಡಿಯುತ್ತದೆ. ನೋಣಯ 'ಕೋರ್ಟಿಗೇ' ಎಂಬಲ್ಲಿಯವರೆಗೆ ಮಾತ್ರ ಓದಿದ.

ಮರುದಿನ ಬಸ್ಸಿನಲ್ಲಿ ಅವನು ಬುರೈದಾದ ಖರ್ಜೂರದ ಡಬ್ಬಿ ಹಿಡಿದು ಸೀಟಿನಿಂದ ಸೀಟಿಗೆ ಹೋದ. "ನಮ್ಮದೂ ಕೋರ್ಟಿಗೆ ಬಿತ್ತು. ಎಂತ ಮಾಡುವುದು, ಸಣ್ಣ ಆಗಲಿ ಅಂತ ತುಂಬಾ ನೋಡಿದೆ. ಆಗಲಿಲ್ಲ." ಅಣ್ಣುವಿನ ಎದುರು ಬಂದಾಗ ಡಬ್ಬಿಯಲ್ಲಿ ಒಂದೇ ಖರ್ಜೂರ ಉಳಿದಿತ್ತು, ಅದೂ ಒಣಗಿದ್ದು. ಅಣ್ಣು ಅದನ್ನು ತೆಗೆದುಕೊಂಡು, ಅತ್ತಿತ್ತ ತಿರುಗಿಸಿ ನೋಡಿ, ಜೇಬಿಗೆ ಹಾಕಿಕೊಂಡ. ಅವನ ಮುಖ ಸ್ವಲ್ಪ ಕಪ್ಪಿಟ್ಟಿತೆಂದು ನೋಣಯನಿಗೆ ಖಾತ್ರಿಯಾಯಿತು. ಅಂದು ಅವನು ಸೊಗಸಾಗಿ ಉಂಡ.

ದೊಡ್ಡಸ್ತಿಕೆಯ ಸುಖ ಒಂದು ವಾರ ನಡೆಯಿತು. ಅಬ್ದುಲ್ ಬಾರಿ, "ನೋಣಯ ಭಾಯ್, ನಿಮ್ಮ ಸೋಡಾ ಕಂಪನಿಗೆ ಬಸ್ಸು ಉಂಟಾ? ಡ್ರೈವರ್ ಬೇಕಾ?" ಎಂದು ಹಿಂದಿಯಲ್ಲಿ ವಿಚಾರಿಸಿದ. ನೋಣಯ ಇಲ್ಲವೆನ್ನಲಿಲ್ಲ, ನೋಡುವ ಎಂದ. ಅಖಿಲೇಶ್ ಫೈಲು ತೆರೆದು, "ಕೋರ್ಟು ಕೇಸಾದರೆ ಈಗೆಲ್ಲಿ ಮುಗಿಯುತ್ತದೆ ನೋಣಯಣ್ಣ? ಎರಡು ವರ್ಷಕ್ಕೆ ಸೈನ್ ಮಾಡಿಬಿಡಿ" ಎಂದು ಪೆನ್ನು ಮುಂದೆ ಮಾಡಿದ. ನೋಣಯ ಪೆನ್ನನ್ನು ನೋಡಿದ. "ನಾಳೆ ಹೇಳ್ತೇನೆ" ಎಂದು ಎದ್ದು ಬಂದ.

ಆ ಸಂಜೆ ವಾರಿಜಾಕ್ಷಿಯ ಫೋನು ಬಂತು. ಅವಳ ಧ್ವನಿ ಎಷ್ಟು ತಣ್ಣಗಿತ್ತೆಂದರೆ ನೋಣಯ ಸ್ಪೀಕರ್ ಹಾಕುವ ಯೋಚನೆಯನ್ನೇ ಬಿಟ್ಟ.

"ಮನೆಯಲ್ಲಿ ಕುರ್ಚಿ ಸಾಲುತ್ತಿಲ್ಲ" ಎಂದಳು.

"ಯಾಕೆ?"

"ನೀವು ಬರೆದು ಕಳಿಸಿದ್ದನ್ನು ಆ ಗುಮಾಸ್ತ ಆಫೀಸಿನಲ್ಲಿ ದೊಡ್ಡದಾಗಿ ಓದಿದನಂತೆ. ಊರಿಗೆಲ್ಲ ಗೊತ್ತಾಗಿದೆ. ನಿಮ್ಮ ಮಾವ ಜ್ವರದಲ್ಲಿ ಮಲಗಿದ್ದಾಗ ಗಂಜಿ ಕೊಡಲು ನನ್ನನ್ನು ಬಿಟ್ಟು ಒಂದು ನಾಯಿ ಬರಲಿಲ್ಲ. ಈಗ ದಿನವೂ ಸಂಬಂಧಿಕರು. ಕಾಪುವಿನಿಂದ ಒಬ್ಬಳು ಬಂದಿದ್ದಾಳೆ, ತ್ಯಾಂಪಣ್ಣ ಪ್ರಾಯದಲ್ಲಿ ನಮ್ಮ ಅಕ್ಕನನ್ನು ನೋಡಲು ಬಂದಿದ್ದರು, ಅವಲಕ್ಕಿ ತಿಂದು ಒಪ್ಪಿಗೆ ಅಂದಿದ್ದರು, ಹಾಗಾಗಿ ನಮಗೂ ಪಾಲು ಬರಬೇಕು ಅಂತಾಳೆ."

"ಅವಲಕ್ಕಿ ತಿಂದದ್ದಕ್ಕೆ ಪಾಲಾ?"

"ಪಕ್ಕದ ಮನೆಯವರು ಹಲಸಿನ ಮರಕ್ಕೆ ಬೇಲಿ ಹಾಕಿದರು. ನೀವು ಬೇರಿನ ವಿಷಯ ಬರೆದಿದ್ದೀರಂತೆ. ಯುವಕ ಮಂಡಲದವರು ಬಂದು, ವಾರ್ಷಿಕೋತ್ಸವಕ್ಕೆ ನಿಮ್ಮನ್ನೇ ಮುಖ್ಯ ಅತಿಥಿ ಮಾಡಿದ್ದೇವೆ ಅಂದರು. ಹೋಗುವಾಗ ನಿಮ್ಮ ಫೋಟೋ ಕೇಳಿ ತೆಗೆದುಕೊಂಡು ಹೋದರು."

"ಯಾವ ಫೋಟೋ ಕೊಟ್ಟೆ?" ಎಂದ ನೋಣಯ, ತಡೆಯಲಾರದೆ.

"ನೀವು ಊರಿಗೆ ಬರ್ತೀರಾ, ಅಲ್ಲಿಯೇ ಇದ್ದು ದೊಡ್ಡವರಾಗ್ತೀರಾ, ನನಗೆ ಒಂದು ಹೇಳಿ" ಎಂದಳು ವಾರಿಜಾಕ್ಷಿ. "ಗುಮಾಸ್ತ ಹೇಳಿದ, ಕೋರ್ಟಿನ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲವಂತೆ. ಈಗಲೂ ಸಣ್ಣದು ಮಾಡಬಹುದಂತೆ. ನಾನು ಮಿಷನ್ ತೊಳೆದು ಎಣ್ಣೆ ಹಾಕಿಟ್ಟಿದ್ದೇನೆ. ನೀವು ಬಾರದಿದ್ದರೆ ಕಾಪುವಿನವಳಿಗೆ ಕೊಟ್ಟುಬಿಡ್ತೇನೆ. ಅವಳಾದರೂ ಇಲ್ಲಿ ಇದ್ದಾಳೆ."

ನೋಣಯ ಉಪ್ಪಿನಕಾಯಿಯ ರೂಮಿಗೆ ಮತ್ತೆ ಓಡಿದ.

"ಕಾಕ, ಸಣ್ಣದು ಮಾಡಿ."

"ಎಷ್ಟು ಸಣ್ಣ?"

"ಮೊದಲು ಇದ್ದಷ್ಟು."

ಮೊಯಿದಿನಬ್ಬ ದಾರಿ ಹೇಳಿದರು. ಆ ಶನಿವಾರ ದೂತಾವಾಸದವರು ಜುಬೈಲಿನ ಒಂದು ಶಾಲೆಯಲ್ಲಿ ಬಂದು ಕೂರುತ್ತಾರೆ. ಅವರೆದುರು ಸಹಿ ಹಾಕಿ, ತ್ಯಾಂಪ ಮಾವನನ್ನು ಬಲ್ಲ ಇಬ್ಬರು ಅಲ್ಲೇ ಸಾಕ್ಷಿ ಹೇಳಿದರೆ ಕಾಗದ ಊರಿಗೆ ಹೋಗಬಹುದು. "ಒಬ್ಬ ನಾನು. ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ ಹೆಜಮಾಡಿಯಲ್ಲಿ ನಿಲ್ಲಿಸಿ ನಿನ್ನ ಮಾವನ ಸೋಡಾ ಕುಡಿದದ್ದುಂಟು. ಇನ್ನೊಬ್ಬ?"

ಇನ್ನೊಬ್ಬ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಇಡೀ ಜುಬೈಲಿನಲ್ಲಿ ತ್ಯಾಂಪ ಮಾವನನ್ನು ಕಂಡಿದ್ದ ಮೂರನೆಯ ಮನುಷ್ಯ ಒಬ್ಬನೇ.

"ಕಾಕ, ಬೇರೆ ಯಾರನ್ನಾದರೂ ಕಲಿಸಿ ನಿಲ್ಲಿಸಬಹುದಾ?"

"ಜೈಲಿಗೆ ಹೋಗುವ ಮನಸ್ಸಿದ್ದರೆ ಧಾರಾಳ."

ಅಣ್ಣು ಮೀನು ಹುರಿಯುತ್ತಿದ್ದ. ನೋಣಯ ಬಾಗಿಲಲ್ಲಿ ನಿಂತು ಪ್ಲಾಂಟಿನ ಬಿಸಿಯ ಬಗ್ಗೆ, ಮೆಸ್ಸಿನ ಸಾಂಬಾರಿನ ಬಗ್ಗೆ, ತನ್ನ ಆರೋಗ್ಯದ ಬಗ್ಗೆ ಮಾತಾಡಿದ. ಮೀನು ಒಂದು ಬದಿ ಬೆಂದಿತು. ಅಣ್ಣು ಮಗುಚಿ ಹಾಕಿದ. ಇನ್ನೊಂದು ಬದಿಯೂ ಬೇಯುವ ಹೊತ್ತಿಗೆ ನೋಣಯನ ಬಾಯಿಂದ ವಿಷಯ ಹೊರಬಿತ್ತು.

"ಅಂದರೆ, ನಿನ್ನ ಮಾವನ ಆಸ್ತಿ ಸಣ್ಣದು ಅಂತ ನಾನು ಹೇಳಬೇಕು" ಎಂದ ಅಣ್ಣು.

"ಹೌದು."

"ದೂತಾವಾಸದವರ ಎದುರು."

"ಹೌದು."

"ನೀನು ಪಕ್ಕದಲ್ಲಿ ನಿಂತಿರ್ತೀಯಾ?"

"ನಿಲ್ಲಲೇಬೇಕಂತೆ."

ಅಣ್ಣು ಒಲೆ ಆರಿಸಿದ. "ಆಯ್ತು ಮಾರಾಯ. ಊರಿನವನಿಗೆ ಅಷ್ಟೂ ಮಾಡದಿದ್ದರೆ ಹೇಗೆ." ಇಷ್ಟು ಬೇಗ ಒಪ್ಪಿದ್ದು ನೋಣಯನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಶನಿವಾರ ಶಾಲೆಯಲ್ಲಿ ಜನವೋ ಜನ. ಪಾಸ್‌ಪೋರ್ಟಿನವರು ಒಂದು ಕಡೆ, ವೀಸಾ ಕೊಟ್ಟ ಧಣಿ ಕಫೀಲನ ಮೇಲೆ ದೂರಿನವರು ಇನ್ನೊಂದು ಕಡೆ. ಮಕ್ಕಳು ಕೂರುವ ಗಿಡ್ಡ ಬೆಂಚಿನಲ್ಲಿ ಮೂವರೂ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕುಳಿತು, ಸರದಿ ಬಂದಾಗ ಎದ್ದರು. ಮೇಜಿನ ಆಚೆಯ ಅಧಿಕಾರಿ ಬೆಳಗಿನಿಂದ ಒಂದೇ ಪ್ರಶ್ನೆಗಳನ್ನು ಕೇಳಿ ಸುಸ್ತಾಗಿದ್ದ. ಮೊಯಿದಿನಬ್ಬ ಎರಡು ವಾಕ್ಯದಲ್ಲಿ ತಮ್ಮದನ್ನು ಮುಗಿಸಿದರು. ಅಧಿಕಾರಿ ಅಣ್ಣುವಿನ ಕಡೆ ತಿರುಗಿ ಹಿಂದಿಯಲ್ಲಿ ಕೇಳಿದ: "ಸತ್ತವರ ಆಸ್ತಿ ಸಣ್ಣದು ಎಂದು ನಿಮಗೆ ಗೊತ್ತೇ?"

ಹೌದು ಅಂದರೆ ಸಾಕಿತ್ತು. ಅಣ್ಣು ಒಂದು ಹೆಜ್ಜೆ ಮುಂದೆ ಬಂದ, ಕ್ರೇನಿನ ಕೆಳಗೆ ನಿಲ್ಲುವ ಹಾಗೆ ಕಾಲು ಅಗಲಿಸಿ ನಿಂತ.

"ಸರ್, ತುಂಬಾ ಸಣ್ಣದು. ಕೋಣೆ ಇಷ್ಟು ಸಣ್ಣ ಸರ್, ಮಿಷನು ಒಳಗಿದ್ದರೆ ತ್ಯಾಂಪಣ್ಣ ಹೊರಗೆ. ಇಬ್ಬರೂ ಒಳಗಿದ್ದದ್ದನ್ನು ನಾನು ಕಂಡಿಲ್ಲ." ಅವನು ಎರಡು ಕೈಯಿಂದ ಅಳತೆ ತೋರಿಸಿದ. "ಮಿಷನು ತುಕ್ಕು ಹಿಡಿದದ್ದು ಸರ್. ವಿದೇಶದ್ದು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಉಡುಪಿಯಲ್ಲಿ ಗುಜರಿಯಿಂದ ತಂದದ್ದು."

"ಹೌದಾ?" ಎಂದು ಅಧಿಕಾರಿ ನೋಣಯನನ್ನು ಕೇಳಿದ.

ನೋಣಯ ತಲೆಯಾಡಿಸಿದ.

"ಬಾವಿ ಉಂಟು ಸರ್. ಆದರೆ ಯುಗಾದಿಗೆಲ್ಲ ಬತ್ತುತ್ತದೆ. ಆಮೇಲೆ ಕೊಡ ಹಿಡಿದು ನಮ್ಮ ಮನೆಗೇ ಬರುತ್ತಿದ್ದದ್ದು."

ನೋಣಯ ತಲೆಯಾಡಿಸಿದ. ಹಿಂದಿನ ಸಾಲಿನಲ್ಲಿ ಪಾಸ್‌ಪೋರ್ಟಿಗೆ ಕಾಯುತ್ತಿದ್ದವರು ಕುತ್ತಿಗೆ ಉದ್ದ ಮಾಡಿ ಕೇಳತೊಡಗಿದ್ದರು. ಅವರಲ್ಲಿ ಅಬ್ದುಲ್ ಬಾರಿಯೂ ಇದ್ದ.

"ಸೋಡಾಕ್ಕೆ ಗ್ಯಾಸು ಇರುತ್ತಿರಲಿಲ್ಲ ಸರ್. ಕುಡಿದವರು ಮರ್ಯಾದೆಗೆ ತೇಗುತ್ತಿದ್ದದ್ದು."

"ಗ್ಯಾಸು ಅಷ್ಟು ಇಲ್ಲದೆ ಇರಲಿಲ್ಲ ಸರ್" ಎಂಬ ಮಾತು ನೋಣಯನ ಬಾಯಿಂದ ಹೊರಬಂದೇಬಿಟ್ಟಿತು. ಮೊಯಿದಿನಬ್ಬರ ಚಪ್ಪಲಿ ಅವನ ಪಾದದ ಮೇಲೆ ಬಿತ್ತು.

ಅಧಿಕಾರಿ ಮುದ್ರೆಯನ್ನು ಎತ್ತಿದವನು ಹಾಗೆಯೇ ನಿಲ್ಲಿಸಿದ. "ಆಸ್ತಿ ಎಷ್ಟೆಂಬುದರಲ್ಲಿ ನಿಮಗೆ ತಕರಾರು ಉಂಟೆ? ತಕರಾರು ಇದ್ದರೆ ಇದು ಕೋರ್ಟಿಗೆ ಹೋಗಬೇಕು."

ಮುದ್ರೆ ಗಾಳಿಯಲ್ಲಿತ್ತು. ಅದರ ಒಂದು ಕಡೆ ಎಣ್ಣೆ ಹಾಕಿಟ್ಟ ಮಿಷನು, ಇನ್ನೊಂದು ಕಡೆ ಅಖಿಲೇಶನ ಪೆನ್ನು. ನೋಣಯ ಅಣ್ಣುವಿನ ಮುಖ ನೋಡಿದ. ಅಣ್ಣು ಸೀಲಿಂಗ್ ಫ್ಯಾನ್ ನೋಡುತ್ತಿದ್ದ.

"ಇಲ್ಲ ಸರ್" ಎಂದ ನೋಣಯ. "ಅಣ್ಣು ಹೇಳಿದ್ದು ಸರಿ. ಗ್ಯಾಸು ಇರಲಿಲ್ಲ. ಕೋಣೆ ಸಣ್ಣದು, ಬಾವಿ ಸಣ್ಣದು, ಮಾವನೂ ಗಿಡ್ಡ. ಎಲ್ಲ ಸಣ್ಣದು."

ಮುದ್ರೆ ಬಿತ್ತು. ನೋಣಯನಿಗೆ ತಾನು ಊರಿಗೆ ಹೋಗುತ್ತೇನೆಂಬುದು ಆ ಸದ್ದಿನಲ್ಲಿ ಗೊತ್ತಾಯಿತು. ಕಾಗದ ಎತ್ತಿಕೊಂಡು ಹೊರಡಬೇಕು ಎನ್ನುವಾಗ ಅಣ್ಣು ಅಂಗಿಯ ಒಳಗಿನಿಂದ ಮಡಚಿದ ಇನ್ನೊಂದು ಕಾಗದ ತೆಗೆದ.

"ಸರ್, ನನ್ನದೂ ಒಂದು ಉಂಟು. ಉಯಿಲೇ. ಸಣ್ಣದು."

ನೋಣಯ ಅಲ್ಲೇ ನಿಂತ. "ನಿನ್ನದು ಹೆದ್ದಾರಿಗೆ ತಾಗಿಕೊಂಡ ಜಾಗ ಅಲ್ವಾ?"

"ತಾಗಿಕೊಂಡೇ ಇತ್ತು ಮಾರಾಯ" ಎಂದ ಅಣ್ಣು ತಗ್ಗಿದ ಧ್ವನಿಯಲ್ಲಿ. "ರಸ್ತೆ ಅಗಲ ಮಾಡುವಾಗ ಹೆದ್ದಾರಿಯೇ ಒಳಗೆ ಬಂತು. ಈಗ ಅಲ್ಲಿ ಲಾರಿ ಓಡ್ತದೆ. ಉಳಿದದ್ದು ಒಂದು ಸ್ಕೂಟರ್, ಒಂದು ಪಾಸ್‌ಬುಕ್."

"ಮತ್ತೆ ಆ ವಕೀಲರು?"

"ನಮ್ಮ ಭಾವ. ವಕೀಲರ ಕಾರು ಓಡಿಸುವುದು." ಅಣ್ಣು ಅವನ ತೋಳು ಹಿಡಿದ. "ಸಾಕ್ಷಿ ಬೇಕು ನೋಣಯ. ನಮ್ಮ ಮಾವನನ್ನು ಇಲ್ಲಿ ಬಲ್ಲವನು ಕಾಕನನ್ನು ಬಿಟ್ಟರೆ ನೀನೊಬ್ಬನೇ. ಅದಕ್ಕೇ ನಿನ್ನದಕ್ಕೆ ಕೂಡಲೇ ಹೂಂ ಅಂದದ್ದು."

ನೋಣಯನ ಮುಖದಲ್ಲಿ ನಿಧಾನವಾಗಿ ಬೆಳಕು ಹರಿಯಿತು. ಬದುಕಿನಲ್ಲಿ ಇಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆ ಸ್ಕೂಟರನ್ನು ಅವನು ಬಲ್ಲ. ಅದನ್ನು ಓಡಿಸಿದ್ದಕ್ಕಿಂತ ದೂಡಿದ್ದೇ ಹೆಚ್ಚು. ದೂಡಿದವರಲ್ಲಿ ಅವನೂ ಒಬ್ಬ. ಹಾರ್ನ್ ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿದ್ದುದನ್ನು, ಅಣ್ಣುವಿನ ಮಾವ ಮತ್ತೆ ಚಾಲು ಮಾಡಲು ಸುಲಭವೆಂದು ಇಳಿಜಾರು ಕಂಡಲ್ಲೆಲ್ಲ ಅದನ್ನು ನಿಲ್ಲಿಸುತ್ತಿದ್ದುದನ್ನು ಹೇಗೆ ಹೇಳಬೇಕು, ಯಾವುದನ್ನು ಮೊದಲು ಹೇಳಬೇಕು ಎಂದು ಅವನು ಮನಸ್ಸಿನಲ್ಲೇ ಜೋಡಿಸಿದ. ಹಿಂದಿನ ಸಾಲಿನವರಿಗೂ ಕಾಣಲೆಂದು ಸ್ವಲ್ಪ ಪಕ್ಕಕ್ಕೆ ತಿರುಗಿದ. ಗಂಟಲು ಸರಿಮಾಡಿಕೊಂಡ.

"ಸರ್, ಈ ಅಣ್ಣುವಿನ ಮಾವನ ಸ್ಕೂಟರ್..."

"ಇದಕ್ಕೆ ಸಾಕ್ಷಿ ಬೇಡ" ಎಂದ ಅಧಿಕಾರಿ ಕಾಗದ ನೋಡುತ್ತಾ. "ಜಾಗ, ಕಟ್ಟಡ ಏನೂ ಇಲ್ಲವಲ್ಲ. ಇಷ್ಟು ಸಣ್ಣದಕ್ಕೆ ಸ್ವಂತ ಹೇಳಿಕೆ ಸಾಕು." ಮುದ್ರೆ ಬಿತ್ತು. "ಮುಂದಿನವರು."

ನೋಣಯ ಬಾಯಿ ತೆರೆದುಕೊಂಡೇ ಇದ್ದ. ಮೊಯಿದಿನಬ್ಬ ಅವನನ್ನು ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ಬಸ್ಸಿನಲ್ಲಿ ಅಣ್ಣು ಬೀಡಾ ಅಗಿಯುತ್ತಾ ಕಿಟಕಿಯ ಪಕ್ಕ ಕುಳಿತಿದ್ದ. ಅಬ್ದುಲ್ ಬಾರಿ ಅವನ ಕೈ ಕುಲುಕಿ, ಸಾಕ್ಷಿಯಿಲ್ಲದೆ ಎರಡು ನಿಮಿಷದಲ್ಲಿ ಕೆಲಸ ಮಾಡಿಸಿಕೊಂಡ ಮನುಷ್ಯನೆಂದು ಎಲ್ಲರಿಗೂ ಹೇಳುತ್ತಿದ್ದ. ನೋಣಯ ಹಿಂದಿನ ಸೀಟಿನಲ್ಲಿ, ಇಂಜಿನಿನ ಬಿಸಿಯ ಮೇಲೆ ಕುಳಿತು, ವಾರಿಜಾಕ್ಷಿಗೆ ಫೋನು ಮಾಡಿದ.

"ಆಯ್ತು. ಮುದ್ರೆ ಬಿತ್ತು. ನಾಳೆ ಎಕ್ಸಿಟ್‌ಗೆ ಸೈನ್ ಮಾಡ್ತೇನೆ."

ವಾರಿಜಾಕ್ಷಿ ಮೂಗು ಸೀಟಿದ ಸದ್ದು ಕೇಳಿತು. ಆಮೇಲೆ, "ಬನ್ನಿ" ಎಂದಳು. "ಕಾಪುವಿನವಳಿಗೆ ಬಸ್ಸು ಹತ್ತಿಸ್ತೇನೆ."

"ಬರ್ತೇನೆ" ಎಂದ ನೋಣಯ. ಮುಂದೆ ಅಣ್ಣುವಿನ ತಲೆ ಎಸಿಯ ಗಾಳಿಗೆ ಸಣ್ಣಗೆ ತೂಗುತ್ತಿತ್ತು. ಅವನು ಅದನ್ನೇ ನೋಡುತ್ತಾ, ಯಾರಿಗೂ ಕೇಳದಂತೆ ಫೋನಿಗೆ ಬಾಯಿ ಹತ್ತಿರ ತಂದ.

"ಅಲ್ಲ ಮಾರಾಯ್ತಿ, ಆ ಕೋಣೆಯನ್ನೂ ಬಾವಿಯನ್ನೂ ಮಾವ ಮೊದಲೇ ಯಾರಿಗಾದರೂ ಕೊಟ್ಟುಬಿಟ್ಟಿದ್ದರೆ, ನಮ್ಮದೂ ಅಣ್ಣುವಿನದ್ದರಷ್ಟೇ ಸಣ್ಣ ಆಗ್ತಿತ್ತಲ್ವಾ?"